ಇದ್ದೀರಾ?

16 ಟರ್ಮಿನಲ್, 48 ವಿದ್ಯಾರ್ಥಿಗಳು. 1989ರಲ್ಲಿ ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳಲು ಸೇರಿದ ದಿನ ನನಗೆ ಒಪ್ಪಿಸಿದ ಲೆಕ್ಕ ಇಷ್ಟು. ಯಂತ್ರ ಇದ್ದದ್ದು ಒಂದೇ. ಗಾಜಿನ ಗೂಡಿನೊಳಗೆ, ಎ.ಸಿ. ತಂಪಿನಲ್ಲಿ, 386 ಪ್ರೊಸೆಸರಿನ ಒಂದು ಪೆಟ್ಟಿಗೆ. ಅದರ ಮೆಮೊರಿ 4 ಎಂಬಿ. ಈಗ ನನ್ನ ಜೇಬಿನಲ್ಲಿರುವ ಅಗ್ಗದ ಫೋನಿನಲ್ಲಿ ಅದರ ಸಾವಿರ ಪಟ್ಟು ಇದೆ. ಆ ಪೆಟ್ಟಿಗೆಯ ಬೆನ್ನಿನಿಂದ 16 ತಂತಿಗಳು ಹೊರಟು 16 ಮೇಜು ಸೇರುತ್ತಿದ್ದವು. ಮೇಜಿನ ಮೇಲಿದ್ದದ್ದು ಕಂಪ್ಯೂಟರ್ ಅಲ್ಲ. ಬರೀ ಕೀಬೋರ್ಡು ಮತ್ತು ಹಸಿರು ಅಕ್ಷರ ಮೂಡುವ ಪರದೆ. ಲೆಕ್ಕವೆಲ್ಲ ಆಗುತ್ತಿದ್ದದ್ದು ಗಾಜಿನ ಗೂಡಿನಲ್ಲಿ. ಯುನಿಕ್ಸ್ ಎಂಬ ವ್ಯವಸ್ಥೆ ಆ ಒಂದು ಯಂತ್ರವನ್ನು 16 ಜನಕ್ಕೂ ಹಂಚುತ್ತಿತ್ತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ರಿಜಿಸ್ಟರಿನಲ್ಲಿ ಹೆಸರು ಬರೆದು ಒಳಗೆ ಬರಬೇಕಿತ್ತು. ಗುಬ್ಬಿ ಕಡೆಯ ಹುಡುಗರು ಬೆಳಗಿನ ರೈಲಿಗೆ ಬರುವರು. ಕುಣಿಗಲ್ಲಿಗೆ ಆಗ ರೈಲಿರಲಿಲ್ಲ. ಅಲ್ಲಿಯವರು ಬಸ್ಸಿಗೆ ನೇತಾಡಿಕೊಂಡು ಬರುವರು. ಬಸ್ಸಿಗೆ ಬರುವವರಿಗೆ ಒಂದು ವಿದ್ಯೆ ಹುಟ್ಟಿನಿಂದಲೇ ಗೊತ್ತಿರುತ್ತದಲ್ಲ, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ತೂರಿಸಿ ಸೀಟು ಹಿಡಿಯುವುದು? ಅದೇ ವಿದ್ಯೆಯನ್ನು ಅವರು ಲ್ಯಾಬಿಗೂ ತಂದರು. ಬೆಳಗ್ಗೆ ಬಂದು ಲಾಗಿನ್ ಆಗುವುದು, ಆಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನಲು ಹೋಗುವುದು. ಪರದೆಯ ಮೇಲೆ ಹಸಿರು ಗೆರೆಯೊಂದು ಮಿಣಮಿಣ ಎನ್ನುತ್ತಿರುತ್ತದೆ, ಕುರ್ಚಿ ಖಾಲಿ. ಮುಟ್ಟಲು ಹೋದರೆ ಪಕ್ಕದವನು, ‘ಏಯ್, ಅಲ್ಲಿ ಜನ ಅವ್ರೆ’ ಎನ್ನುತ್ತಾನೆ.

ಟವೆಲ್ಲಿಗೆ ಯಜಮಾನ ಇದ್ದಾನೋ ಇಲ್ಲವೋ ತಿಳಿಯುವುದು ಹೇಗೆ? ನನ್ನ ಅರ್ಧ ಉದ್ಯೋಗ ಈ ಒಂದು ಪ್ರಶ್ನೆಯಲ್ಲೇ ಕಳೆಯಿತು. ಈಚೆಗೆ ನಿವೃತ್ತನಾಗಿ ಕೂತು ಹಿಂದಕ್ಕೆ ನೋಡಿದರೆ, ಈ ಪ್ರಶ್ನೆ ನನಗಿಂತ ಹಳೆಯದು, ನಮ್ಮ ಮನೆಯೊಳಗೇ ಅದಕ್ಕೊಂದು ಇತಿಹಾಸ ಇತ್ತು ಎನ್ನುವುದು ಕಾಣುತ್ತದೆ.

*

ನಮ್ಮಪ್ಪ ಗುಬ್ಬಿಯಲ್ಲಿ ಟೆಲಿಫೋನ್ ಆಪರೇಟರ್. ಊರಿನ ಫೋನುಗಳೆಲ್ಲ ಅವರ ಮುಂದಿನ ಮರದ ಬೋರ್ಡಿಗೆ ಬಂದು ಸೇರುತ್ತಿದ್ದವು. ಮಂಡಿ ಸಾಹುಕಾರರು ತಮ್ಮ ಫೋನಿನ ಹಿಡಿ ಗರಗರ ತಿರುಗಿಸಿದರೆ ಬೋರ್ಡಿನಲ್ಲಿ ಆ ಲೈನಿನ ಪುಟ್ಟ ಮುಚ್ಚಳ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ಅಪ್ಪ ಪ್ಲಗ್ಗು ಚುಚ್ಚಿ ‘ನಂಬರ್?’ ಎನ್ನುವರು. ಆ ಕಡೆಯ ಪ್ಲಗ್ಗನ್ನು ಕೇಳಿದ ನಂಬರಿಗೆ ಚುಚ್ಚಿ ಗಂಟೆ ಹೊಡೆಯುವರು. ಮಾತು ಶುರುವಾದರೆ ಅವರ ಕೆಲಸ ಮುಗಿಯಿತು.

ಮುಗಿಯುತ್ತಿರಲಿಲ್ಲ. ಮಾತು ಮುಗಿದದ್ದು ಆಪರೇಟರಿಗೆ ಗೊತ್ತಾಗಬೇಕಾದರೆ ಮಾತಾಡಿದವರು ಇನ್ನೊಮ್ಮೆ ಹಿಡಿ ತಿರುಗಿಸಬೇಕು. ಆಗ ಮುಚ್ಚಳ ಬೀಳುತ್ತದೆ, ಪ್ಲಗ್ಗು ಕೀಳಬಹುದು. ಅಡಿಕೆ ಧಾರಣೆ ಕೇಳಿ ತಲೆ ಬಿಸಿಯಾದ ಸಾಹುಕಾರರಿಗೆ ಅದೆಲ್ಲಿ ನೆನಪಿರಬೇಕು? ರಿಸೀವರ್ ಕುಕ್ಕಿ ಎದ್ದು ಹೋಗುವರು. ಬೋರ್ಡಿನಲ್ಲಿ ಜೋಡಿ ಪ್ಲಗ್ಗು ಹಾಗೇ ನಿಂತಿರುತ್ತದೆ. ಬೋರ್ಡಿಗೆ ಇರುವ ಜೋಡಿಗಳೇ ಬೆರಳೆಣಿಕೆಯವು. ಅವೆಲ್ಲ ಹೀಗೆ ಸಿಕ್ಕಿಕೊಂಡರೆ ಊರಿಗೆ ಊರೇ ಮೂಕ.

ಅದಕ್ಕೆ ಅಪ್ಪ ಒಂದು ಪುಟ್ಟ ಕೀಲಿ ಒತ್ತಿ ಲೈನಿನೊಳಗೆ ಇಣುಕುವರು. ಇಣುಕಿ ಒಂದೇ ಮಾತು: ‘ಮಾತಾಡ್ತಾ ಇದ್ದೀರಾ?’ ಉತ್ತರ ಬರದಿದ್ದರೆ ಇನ್ನೊಂದು ಸಲ. ಆಗಲೂ ಬರದಿದ್ದರೆ ಪ್ಲಗ್ಗು ಕೀಳುವುದು. ಟ್ರಂಕ್ ಕಾಲ್ ಆದರೆ ಮೂರು ನಿಮಿಷಕ್ಕೆ ಒಂದು ಲೆಕ್ಕ. ಮೂರು ನಿಮಿಷ ಆಯಿತೆಂದು ಹೇಳಿ, ಮುಂದುವರಿಸಬೇಕೋ ಎಂದು ಕೇಳಿಯೇ ಮುಂದಿನ ಹೆಜ್ಜೆ.

ಒಂದು ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಮುಂಬಯಿಯಿಂದ ಬಂದ ಟ್ರಂಕ್ ಕಾಲ್ ಒಂದು ನಡೆಯುತ್ತಿತ್ತು. ಅಪ್ಪ ಒಳಗೆ ಇಣುಕಿದರು, ಕೇಳಿದರು, ಕಾದರು, ಮತ್ತೆ ಕೇಳಿದರು. ಆಮೇಲೆ ಪ್ಲಗ್ಗಿನ ಕಡೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದರು. ಆ ಕಡೆ ಹೆಂಗಸೊಬ್ಬರು ‘ಇದ್ದೀನಿ’ ಅಂದರಂತೆ. ಅಷ್ಟೇ. ಇಬ್ಬರೂ ಮಾತಿಲ್ಲದೆ ರಿಸೀವರ್ ಹಿಡಿದು ಕೂತಿದ್ದರು. ಯಾರ ಮನೆಯ ದುಃಖವೋ. ಅಪ್ಪ ನನ್ನ ಕಡೆ ತಿರುಗಿ, ‘ಮಾತು ನಿಂತ್ರೆ ಲೈನು ಖಾಲಿ ಅಂತಲ್ಲ ಕಣೋ’ ಅಂದರು. ನನಗೆ ಆಗ ಹತ್ತು ವರ್ಷ ಇರಬೇಕು. ಡಬ್ಬಿಯಲ್ಲಿದ್ದ ಹಪ್ಪಳದ ಮೇಲೆ ಕಣ್ಣಿತ್ತೇ ಹೊರತು ಆ ಮಾತಿನ ಮೇಲೆ ಇರಲಿಲ್ಲ.

1986ರ ಜುಲೈನಲ್ಲಿ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ರೂಪಿಸಿದ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮ ರಾಜ್ಯದ ಕಿತ್ತೂರಿನಲ್ಲಿ ಮೊದಲು ಕೆಲಸ ಶುರು ಮಾಡಿತು. ನಮ್ಮ ಸೆಕೆಗೆ, ನಮ್ಮ ಧೂಳಿಗೆ ಹೊಂದುವಂತೆ ಮಾಡಿದ, ಎ.ಸಿ. ಬೇಡದ ಪೆಟ್ಟಿಗೆ ಅದು. ರಿಸೀವರ್ ಕೆಳಗಿಟ್ಟರೆ ಸಾಕು, ಲೈನು ತಾನೇ ಕಡಿಯುತ್ತಿತ್ತು. ಅಪ್ಪನ ಬೋರ್ಡಿನಂಥವೆಲ್ಲ ಒಂದೊಂದಾಗಿ ಗುಜರಿ ಸೇರಿದವು. ಲೈನಿನೊಳಗೆ ಇಣುಕಿ ಕೇಳುವ ದನಿಯೂ ಅವುಗಳ ಜೊತೆಗೇ ಹೋಯಿತು.

*

ಒಂದು ಯಂತ್ರವನ್ನು ಹಲವರಿಗೆ ಹಂಚುವ ಉಪಾಯ ಹುಟ್ಟಿದ್ದು ಅಮೆರಿಕದ ಎಂಐಟಿಯಂಥ ಕಡೆ. 1961ರ ನವೆಂಬರಿನಲ್ಲಿ ಅಲ್ಲಿನ ಫರ್ನಾಂಡೊ ಕೊರ್ಬಾಟೊ ಮತ್ತವರ ತಂಡ ಐಬಿಎಂ 709 ಯಂತ್ರದ ಮೇಲೆ ಅದನ್ನು ಮಾಡಿ ತೋರಿಸಿತು. ಅಲ್ಲಿಯವರೆಗೆ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಗಂಟೆಗಟ್ಟಲೆ ಕಾದು, ಕಾಮಾ ಒಂದು ತಪ್ಪಿದ್ದಕ್ಕೆ ಎಲ್ಲ ವ್ಯರ್ಥವಾಯಿತೆಂದು ತಿಳಿದುಕೊಂಡು ಮನೆಗೆ ಹೋಗಬೇಕಿತ್ತು.

ನಮ್ಮ ಹುಡುಗರಿಗೆ ಈ ಹಂಚಿಕೆಯನ್ನು ವಿವರಿಸುವಾಗ ನಾನು ಕೆರೆಯ ನೀರಿನ ಲೆಕ್ಕ ಹೇಳುತ್ತಿದ್ದೆ. ತೂಬು ಒಂದೇ. ನೀರುಗಂಟಿ ಈ ಗದ್ದೆಗಿಷ್ಟು ಹೊತ್ತು, ಆ ಗದ್ದೆಗಿಷ್ಟು ಹೊತ್ತು ಎಂದು ಸರದಿಯ ಮೇಲೆ ಬಿಡುತ್ತಾನೆ. ಯುನಿಕ್ಸೂ ಒಬ್ಬ ನೀರುಗಂಟಿ. ಅವನ ಸರದಿ ಒಂದು ಸೆಕೆಂಡಿನ ಸಣ್ಣ ಚೂರು ಅಷ್ಟೆ. ಕುಣಿಗಲ್ ಕೆರೆ ನೋಡಿಕೊಂಡು ಬೆಳೆದವರಿಗೆ ಇದು ಥಟ್ಟನೆ ಹೊಳೆಯುತ್ತಿತ್ತು. ಅವರಲ್ಲೇ ಒಬ್ಬಳು ಒಂದು ದಿನ ಕೇಳಿದಳು: ‘ಸಾರ್, ಯಾರಿಗೋ ನೀರು ಬೇಡದೇ ಇದ್ರೆ ಅವ್ರ ಸರದಿ ಏನಾಗುತ್ತೆ?’

ಒಳ್ಳೆಯ ಪ್ರಶ್ನೆ. ಇಡೀ ಉಪಾಯ ನಿಂತಿರುವುದೇ ಅದರ ಮೇಲೆ. ಕೀಬೋರ್ಡಿನ ಮುಂದೆ ಕೂತ ಮನುಷ್ಯ ಹೆಚ್ಚಿನ ಹೊತ್ತು ಏನೂ ಒತ್ತುವುದಿಲ್ಲ. ಓದುತ್ತಾನೆ, ತಲೆ ಕೆರೆಯುತ್ತಾನೆ, ಯೋಚಿಸುತ್ತಾನೆ. ಎರಡು ಅಕ್ಷರಗಳ ನಡುವಿನ ಆ ಬಿಡುವು ಯಂತ್ರಕ್ಕೆ ಒಂದು ಯುಗ. ಆ ಬಿಡುವಿನಲ್ಲಿ ಅದು ಉಳಿದವರ ಕೆಲಸ ಮಾಡಿ ಮುಗಿಸುತ್ತದೆ. ಒಬ್ಬನ ಸುಮ್ಮನಿರುವಿಕೆ ಇನ್ನೊಬ್ಬನಿಗೆ ನೀರು. ಹಾಗಾಗಿ ಸುಮ್ಮನೆ ಕೂತವನಿಂದ ಯಂತ್ರಕ್ಕೆ ಹೇಳಿಕೊಳ್ಳುವಂಥ ನಷ್ಟವೇ ಇಲ್ಲ. ಅವನ ಪ್ರೋಗ್ರಾಂ ಮಲಗಿರುತ್ತದೆ, ಸರದಿ ಕೇಳುವುದೇ ಇಲ್ಲ. ನಷ್ಟ ಆಗುವುದು ಕುರ್ಚಿಗೆ, ತಂತಿಗೆ, ಹೊರಗೆ ರಿಜಿಸ್ಟರಿನ ಮುಂದೆ ನಿಂತವನಿಗೆ.

ಯಾರು ಸುಮ್ಮನಿದ್ದಾರೆ ಎಂದು ತಿಳಿಯುವ ಆಸೆ ಮೊದಲು ಹುಟ್ಟಿದ್ದು ಹೊರಗೆ ಹಾಕುವುದಕ್ಕೇನೂ ಅಲ್ಲ. 1971ರ ಹೊತ್ತಿಗೆ ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ ಎಂಬವರು ಗಮನಿಸಿದರಂತೆ: ಯಾರು ಯಾರು ಯಂತ್ರದ ಮೇಲಿದ್ದಾರೆ ಎಂದು ತೋರಿಸುವ ಪಟ್ಟಿಯ ಮೇಲೆ ಜನ ಬೆರಳು ಓಡಿಸುತ್ತ ತಮಗೆ ಬೇಕಾದವರನ್ನು ಹುಡುಕುತ್ತಿದ್ದರು. ಅದಕ್ಕೇ ಅವರು ‘ಫಿಂಗರ್’ ಎಂಬ ಪ್ರೋಗ್ರಾಂ ಬರೆದರು. ಯಾರ ಹೆಸರೇನು, ಎಲ್ಲಿ ಕೂತಿದ್ದಾರೆ, ಕೀಲಿ ಮುಟ್ಟಿ ಎಷ್ಟು ಹೊತ್ತಾಯಿತು ಎಲ್ಲ ಅದರಲ್ಲಿತ್ತು. ಎರಡು ನಿಮಿಷವಾಗಿದ್ದರೆ ಅವರ ಕೋಣೆಗೆ ಹೋಗಿ ಮಾತಾಡಿಸಬಹುದು. ಎರಡು ಗಂಟೆಯಾಗಿದ್ದರೆ ಊಟಕ್ಕೆ ಹೋಗಿರಬೇಕು. ಮನೆ ಬಾಗಿಲಿಗೆ ಬಂದವರು ಒಳಗೆ ಕೂಗುವ ಹಾಗೆ. ಆ ಬಾಗಿಲನ್ನು ಸದಾ ತೆರೆದಿಡುವುದು ಅಪಾಯ ಎಂದು ಗೊತ್ತಾಗಲು 1988ರ ನವೆಂಬರ್ 2 ಬರಬೇಕಾಯಿತು; ಅಂದು ಅಮೆರಿಕದ ಸಾವಿರಾರು ಯಂತ್ರಗಳನ್ನು ಮಂಡಿಯೂರಿಸಿದ ‘ಮಾರಿಸ್ ಹುಳು’ ಎಂಬ, ತಾನೇ ಹರಡುವ ಪ್ರೋಗ್ರಾಂ ನುಗ್ಗಿದ ದಾರಿಗಳಲ್ಲಿ ಇದೂ ಒಂದು.

*

ನಮ್ಮ ಯುನಿಕ್ಸಿನಲ್ಲಿ ಒಂದು ಆಜ್ಞೆ ಇತ್ತು: ‘ಹೂ ಮೈನಸ್ ಯು’. ಒತ್ತಿದರೆ ಲಾಗಿನ್ ಆದವರ ಪಟ್ಟಿ ಬರುತ್ತದೆ. ಪ್ರತಿ ಹೆಸರಿನ ಮುಂದೆ ಎಷ್ಟು ಹೊತ್ತಿನಿಂದ ಸುಮ್ಮನಿದ್ದಾರೆ ಎಂಬ ಲೆಕ್ಕ. ಒಂದು ನಿಮಿಷದೊಳಗೆ ಕೀಲಿ ಮುಟ್ಟಿದವರ ಮುಂದೆ ಬರೀ ಒಂದು ಚುಕ್ಕೆ. ಉಳಿದವರ ಮುಂದೆ ಗಂಟೆ, ನಿಮಿಷ. 24 ಗಂಟೆ ದಾಟಿದ್ದರೆ ‘ಓಲ್ಡ್’ ಎಂಬ ಒಂದು ಪದ. ಶನಿವಾರ ಲಾಗೌಟ್ ಮಾಡದೆ ಊರಿಗೆ ಹೋದವರು ಸೋಮವಾರ ಬೆಳಗ್ಗೆ ಹೀಗೆ ಮುದುಕರಾಗಿ ಸಿಗುತ್ತಿದ್ದರು.

ಯಂತ್ರಕ್ಕೆ ಇದು ಹೇಗೆ ಗೊತ್ತು ಎಂದು ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಬಹಳ ಸಾದಾ ಉಪಾಯ. ಯುನಿಕ್ಸಿನಲ್ಲಿ ಪ್ರತಿ ಟರ್ಮಿನಲ್ಲೂ ಒಂದು ಫೈಲಿನ ವೇಷದಲ್ಲಿರುತ್ತದೆ. ಎಲ್ಲ ಫೈಲುಗಳ ಹಾಗೆ ಅದಕ್ಕೂ ‘ಕೊನೆಯ ಸಲ ಓದಿದ್ದು ಯಾವಾಗ’ ಎಂಬ ಗುರುತು ಉಂಟು. ನೀವು ಒತ್ತಿದ ಅಕ್ಷರವನ್ನು ಯಾವುದೋ ಪ್ರೋಗ್ರಾಂ ಓದಿಕೊಂಡಾಗ ಆ ಗುರುತು ಹೊಸದಾಗುತ್ತದೆ. ಈಗಿನ ಗಂಟೆಯಿಂದ ಅದನ್ನು ಕಳೆದರೆ ಉಳಿದದ್ದು ನಿಮ್ಮ ಸೋಮಾರಿತನ. ಅಷ್ಟೇ. ಯಂತ್ರಕ್ಕೆ ನೀವು ಕಾಣುವುದಿಲ್ಲ, ಕುರ್ಚಿ ಕಾಣುವುದಿಲ್ಲ. ಬೆರಳು ಬಿದ್ದ ಗಳಿಗೆ ಮಾತ್ರ ಗೊತ್ತು.

ಈ ಲೆಕ್ಕಕ್ಕೆ ವಿಚಿತ್ರ ಕುರುಡುಗಳಿದ್ದವು. ದೊಡ್ಡ ಲೆಕ್ಕದ ಪ್ರೋಗ್ರಾಂ ಓಡಿಸಿ ಒಂದು ಗಂಟೆ ಉತ್ತರಕ್ಕೆ ಕಾದವನು ಅದರ ಪಾಲಿಗೆ ಸೋಮಾರಿ. ಪರದೆಯ ಮೇಲೆ ಸಾಲು ಸಾಲು ಉತ್ತರ ಉದುರುತ್ತಿದ್ದರೂ ಸೋಮಾರಿಯೇ, ಏಕೆಂದರೆ ಬರೆದದ್ದು ಬೇರೆ, ಓದಿದ್ದು ಬೇರೆ. ಪ್ರೋಗ್ರಾಂ ಇನ್ನೂ ಓಡುತ್ತಿರುವಾಗ ಮುಂದಿನ ಆಜ್ಞೆಯನ್ನು ಮುಂಚಿತವಾಗಿ ಟೈಪ್ ಮಾಡಿಟ್ಟ ಚುರುಕಿನವನೂ ಸೋಮಾರಿ. ಅವನ ಅಕ್ಷರಗಳನ್ನು ಯಾರೂ ಇನ್ನೂ ಓದಿಲ್ಲವಲ್ಲ.

ಇದೆಲ್ಲ ಗೊತ್ತಿದ್ದೂ ನಾನೊಂದು ಸ್ಕ್ರಿಪ್ಟ್ ಬರೆದೆ. ಐದು ನಿಮಿಷಕ್ಕೊಮ್ಮೆ ತಾನೇ ಎದ್ದು ಪಟ್ಟಿ ನೋಡುತ್ತದೆ. ಹತ್ತು ನಿಮಿಷ ದಾಟಿದವರನ್ನು ಹೊರಗೆ ಹಾಕುತ್ತದೆ. ಯುನಿಕ್ಸಿನಲ್ಲಿ ಹೊರಹಾಕುವ ಆಜ್ಞೆಯ ಹೆಸರು ‘ಕಿಲ್’. ಸುಮ್ಮನೆ ಕಿಲ್ ಎಂದರೆ ಅದು ಮರ್ಯಾದೆಯ ಸೂಚನೆ. ಲಾಗಿನ್ ಆದವರ ಆಜ್ಞೆಗಳನ್ನು ಓದಿ ನಡೆಸುವ ‘ಶೆಲ್’ ಎಂಬ ಪ್ರೋಗ್ರಾಂ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಎರಡು ದಿನ ಅದನ್ನೇ ಕಳಿಸಿ ಕಳಿಸಿ ಸೋತೆ. ಆಮೇಲೆ ಸೀನಿಯರ್ ಒಬ್ಬರು 9ನೇ ನಂಬರ್ ಹೇಳಿಕೊಟ್ಟರು. ಕಿಲ್ ಮೈನಸ್ 9. ಇದನ್ನು ಯಾವ ಪ್ರೋಗ್ರಾಮೂ ತಡೆಯಲಾರದು, ಕೇಳಿಸಿಕೊಳ್ಳಲೂ ಆಗದು. ಇದ್ದ ಹಾಗೇ ಸಾಯುತ್ತದೆ. ಆ ಟರ್ಮಿನಲ್ಲಿನ ಮೇಲೆ ಏನೇನು ಓಡುತ್ತಿದೆಯೋ ಎಲ್ಲಕ್ಕೂ 9 ಕಳಿಸುವ ಹಾಗೆ ಮಾಡಿದೆ. ಗುಡಿಸಿದ ಹಾಗಾಯಿತು.

ಎರಡು ವಾರ ಲ್ಯಾಬಿನಲ್ಲಿ ರಾಮರಾಜ್ಯ. ಮೂರನೆಯ ವಾರ ಒಂದು ಟರ್ಮಿನಲ್ಲಿನಿಂದ ಬೀಪ್ ಬೀಪ್ ಬೀಪ್ ಎಂದು ನಿಲ್ಲದ ಸದ್ದು. ಹೋಗಿ ನೋಡಿದರೆ ಕುರ್ಚಿ ಖಾಲಿ, ಸ್ಪೇಸ್ ಬಾರಿನ ಮೇಲೆ ಒಂದು ಜ್ಯಾಮಿಟ್ರಿ ಬಾಕ್ಸು. ‘ವಿಐ’ ಎಂಬ ಎಡಿಟರ್ ತೆರೆದು ಕೀಲಿಯ ಮೇಲೆ ಭಾರ ಇಟ್ಟರೆ ಪ್ರತಿ ಖಾಲಿ ಅಕ್ಷರವೂ ಓದಿಸಿಕೊಳ್ಳುತ್ತದೆ, ಹೆಸರಿನ ಮುಂದೆ ಸದಾ ಚುಕ್ಕೆ! ಆದರೆ ಸಾಲಿನ ತುದಿ ಮುಟ್ಟಿದ ಮೇಲೆ ವಿಐ ಮುಂದೆ ಹೋಗಲಾರದೆ ಬೀಪ್ ಎನ್ನುತ್ತದೆ; ಕಳ್ಳನನ್ನು ಹಿಡಿದುಕೊಟ್ಟಿದ್ದು ಅದೇ. ಮರುವಾರ ಬೀಪ್ ನಿಂತಿತು. ಹುಡುಗರು ಬುದ್ಧಿ ಕಲಿತರು ಎಂದುಕೊಂಡೆ. ಅವರು ಕಲಿತದ್ದು ಬೇರೆ: ಬರೆಯುವ ಸ್ಥಿತಿಗೆ ಹಾಕಿ ಭಾರ ಇಟ್ಟರೆ ಸದ್ದಾಗುವುದಿಲ್ಲ, ಫೈಲಿನ ತುಂಬ ಬರೀ ಜಾಗ ತುಂಬುತ್ತದೆ.

ಹೀಗೆ ಇಲ್ಲದವರು ಇದ್ದಾರೆ ಎಂದು ನನ್ನ ಸ್ಕ್ರಿಪ್ಟು ನಂಬಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು.

*

ಅವನು ಸಿವಿಲ್ ಕೊನೆಯ ವರ್ಷದವನು, ಕುಣಿಗಲ್ ಹತ್ತಿರದ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ. ಪ್ರಾಜೆಕ್ಟಿಗೆ ತನ್ನ ಊರಿನ ಕೆರೆಯನ್ನೇ ಹಿಡಿದಿದ್ದ. ಎಷ್ಟು ಮಳೆ ಬಂದರೆ ಎಷ್ಟು ನೀರು ನಿಲ್ಲುತ್ತದೆ, ಎಷ್ಟು ಆವಿಯಾಗುತ್ತದೆ, ತೂಬಿನಲ್ಲಿ ಎಷ್ಟು ಹೋಗುತ್ತದೆ ಎಂಬ ಫೋರ್ಟ್ರಾನ್ ಪ್ರೋಗ್ರಾಂ. ಮಳೆಯ ಅಂಕಿಗಳನ್ನು ಉದ್ದದ ಹಾಳೆಗಳಲ್ಲಿ ಕೈಯಲ್ಲಿ ಬರೆದುಕೊಂಡು ಬಂದಿದ್ದ. ಎರಡು ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವವನು. ಮುಕ್ಕಾಲು ಗಂಟೆ ಒತ್ತಿದ. ಒಂದು ಅಂಕಿ ಯಾಕೋ ಅನುಮಾನ ಬಂದು, ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಕೂಡಿಸಿ ನೋಡಲು ಕೂತ. ಫೈಲನ್ನು ಸೇವ್ ಮಾಡಿರಲಿಲ್ಲ.

ಹತ್ತು ನಿಮಿಷ ಕಳೆಯಿತು. ಸ್ಕ್ರಿಪ್ಟು ಎದ್ದಿತು, ನೋಡಿತು, 9 ಕಳಿಸಿತು.

ಅವನು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಮೇಜಿನ ಹತ್ತಿರ ಬಂದು, ಹಾಳೆಗಳನ್ನು ಎದೆಗವಚಿಕೊಂಡು ನಿಂತು, ‘ಸಾರ್, ನಾನು ಇಲ್ಲೇ ಇದ್ನಲ್ಲ?’ ಅಂದ.

ನಾನು ನಿಯಮ ಹೇಳಿದೆ. ಹತ್ತು ನಿಮಿಷ ಎಂದು ಬಾಗಿಲಲ್ಲಿ ಅಂಟಿಸಿದೆ, ಓದಿಕೊಳ್ಳಬೇಕಿತ್ತು, ಆಗಾಗ ಸೇವ್ ಮಾಡಬೇಕಿತ್ತು. ಎಲ್ಲ ಸರಿಯಾದ ಮಾತುಗಳೇ. ಅವನು ತಲೆಯಾಡಿಸಿ ಹೋಗಿ ಮೊದಲ ಅಂಕಿಯಿಂದ ಶುರು ಮಾಡಿದ.

ಅವತ್ತು ರೈಲಿನಲ್ಲಿ ಗುಬ್ಬಿಗೆ ಮರಳುವಾಗ ಆ ಮಾತು ಕಿವಿಯಲ್ಲೇ ಇತ್ತು. ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಕಂಪ್ಯೂಟರ್ ಏನೆಂದು ಅವರಿಗೆ ತಿಳಿಯದು. ಆದರೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ಕೀಳೋಕ್ ಮುಂಚೆ ಕೇಳಿದ್ಯಾ?’

ಕೇಳಿರಲಿಲ್ಲ. ಮನುಷ್ಯ ಯೋಚಿಸುವಾಗ ಸುಮ್ಮನಿರುತ್ತಾನೆ ಎಂಬ ಒಂದೇ ಕಂಬದ ಮೇಲೆ ನಿಂತ ವ್ಯವಸ್ಥೆಯಲ್ಲಿ, ಸುಮ್ಮನಿದ್ದ ತಪ್ಪಿಗೆ ಅವನನ್ನು ಹೊರಗೆ ಹಾಕಿದ್ದೆ. ಲ್ಯಾಬಿನಲ್ಲಿ ಅವತ್ತು ನಿಜವಾಗಿ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ ಇರಬೇಕು. ಜ್ಯಾಮಿಟ್ರಿ ಬಾಕ್ಸಿಗೆ ಚುಕ್ಕೆ, ಪೆನ್ಸಿಲ್ ಹಿಡಿದವನಿಗೆ 9.

ಆಮೇಲೆ ಮ್ಯಾನುಯಲ್ ಸರಿಯಾಗಿ ಓದಿದೆ. ಕಿಲ್‌ನಲ್ಲಿ 1 ಎಂಬ ನಂಬರಿಗೆ ‘ಹ್ಯಾಂಗಪ್’ ಎಂದು ಹೆಸರು. ಅಂದರೆ ಫೋನ್ ಕೆಳಗಿಡುವುದು! ಯುನಿಕ್ಸ್ 1969ರಲ್ಲಿ ಹುಟ್ಟಿದ್ದೇ ಅಮೆರಿಕದ ಟೆಲಿಫೋನ್ ಕಂಪನಿಯ ಬೆಲ್ ಲ್ಯಾಬ್ಸಿನಲ್ಲಿ. ಟರ್ಮಿನಲ್‌ಗಳು ಫೋನ್ ಲೈನಿನ ಮೂಲಕ ಯಂತ್ರಕ್ಕೆ ಸೇರುತ್ತಿದ್ದ ಕಾಲದಲ್ಲಿ, ಲೈನು ಕಡಿದುಹೋದರೆ ಪ್ರೋಗ್ರಾಮುಗಳಿಗೆ ಹೋಗುತ್ತಿದ್ದ ಸುದ್ದಿ ಅದು. ವಿಐಗೆ ಆ ಸುದ್ದಿ ಮುಟ್ಟಿದರೆ ಸಾಯುವ ಮೊದಲು ಬರೆದದ್ದನ್ನೆಲ್ಲ ಎತ್ತಿಟ್ಟು, ನಿಮ್ಮ ಫೈಲು ಜೋಪಾನವಾಗಿದೆ, ಹೀಗೆ ತೆಗೆದುಕೊಳ್ಳಿ ಎಂದು ಯಜಮಾನನಿಗೆ ಮೇಲ್ ಕಳಿಸುತ್ತದೆ. 9ರ ಬದಲು 1 ಕಳಿಸಿದ್ದರೆ ಆ ಹುಡುಗನ ಮುಕ್ಕಾಲು ಗಂಟೆ ಉಳಿಯುತ್ತಿತ್ತು. ಅಪ್ಪನ ಬೋರ್ಡಿನ ಭಾಷೆಯೇ ನನ್ನ ಯಂತ್ರದ ಹೊಟ್ಟೆಯಲ್ಲಿತ್ತು. ನಾನು ಅದನ್ನು ದಾಟಿ ನೇರ ಕೊಡಲಿಗೆ ಕೈ ಹಾಕಿದ್ದೆ.

ಸ್ಕ್ರಿಪ್ಟನ್ನು ಮತ್ತೆ ಬರೆದೆ. ಹತ್ತು ನಿಮಿಷವಾದರೆ ಆ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಬೇಕು. ಇನ್ನೈದು ನಿಮಿಷ ಬಿಟ್ಟು ಇನ್ನೊಮ್ಮೆ. ಆಗಲೂ ಯಾವ ಕೀಲಿಯೂ ಅಲುಗದಿದ್ದರೆ 1ನೇ ನಂಬರ್. ಪ್ರಶ್ನೆ ಏನಿರಬೇಕು? ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಎಚ್ಚರಿಕೆ ಬರೆದು ಅಳಿಸಿದೆ. ಆ ಪರದೆಗಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡದ ಒಂದು ಪದ ಬರೆದೆ: ‘ಇದ್ದೀರಾ?’

*

ಮುಂದಿನ ಕಥೆ ಬೇಗ ಮುಗಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪಿ.ಸಿ. ಬಂತು, ಹಂಚಿಕೊಳ್ಳುವ ಯಂತ್ರ ಮೂಲೆ ಸೇರಿತು. ಸುಮ್ಮನಿರುವಿಕೆಯನ್ನು ಅಳೆಯುವುದು ಮಾತ್ರ ನಿಲ್ಲಲಿಲ್ಲ; ಅಳೆಯುವವರ ಉದ್ದೇಶ ಬದಲಾಗುತ್ತ ಹೋಯಿತು.

ಮೊದಲು, ನನ್ನ ಲ್ಯಾಬಿಗೂ ಮುಂಚಿನಿಂದಲೇ, ಗಾಜಿನ ಚಿಂತೆ. ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಹಳೆಯ ಪರದೆಗಳ ಮೇಲೆ ಅದರ ಕಲೆ ಉಳಿದುಬಿಡುತ್ತಿತ್ತು. 1983ರ ಡಿಸೆಂಬರಿನಲ್ಲಿ ಜಾನ್ ಸೋಷಾ ಎಂಬಾತ ‘ಸಾಫ್ಟಾಕ್’ ಎಂಬ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಪ್ರಕಟಿಸಿದ. ಯಾರೂ ಕೀಲಿ ಮುಟ್ಟದಿದ್ದರೆ ಅದು ಪರದೆಯನ್ನು ಕಪ್ಪು ಮಾಡುತ್ತಿತ್ತು. ಎಷ್ಟು ಹೊತ್ತಿಗೆ? ಮೂರು ನಿಮಿಷಕ್ಕೆ. ಅಪ್ಪನ ಟ್ರಂಕ್ ಕಾಲಿನ ಲೆಕ್ಕ! ಸ್ಕ್ರೀನ್ ಸೇವರುಗಳ ಮೂಲಪುರುಷ ಅದು. ಆಮೇಲೆ ಸುಮ್ಮನಿದ್ದ ಯಂತ್ರಗಳನ್ನು ದುಡಿಸಿಕೊಳ್ಳುವ ಆಸೆ ಹುಟ್ಟಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರ ಕಾಂಡೋರ್ ಎಂಬ ವ್ಯವಸ್ಥೆ 1988ರ ಹೊತ್ತಿಗೇ ಯಜಮಾನ ಎದ್ದು ಹೋದ ಯಂತ್ರಗಳನ್ನು ಹುಡುಕಿ ಬೇರೆಯವರ ಲೆಕ್ಕ ಮಾಡಿಸುತ್ತಿತ್ತು. ಯಜಮಾನ ಬಂದು ಕೀಲಿ ಮುಟ್ಟಿದರೆ ಜಾಗ ಬಿಟ್ಟುಕೊಡುತ್ತಿತ್ತು. ಹೊಲದವನು ಬರುವವರೆಗೆ ಬೀಳು ಹೊಲದಲ್ಲಿ ದನ ಮೇಯಿಸಿಕೊಂಡ ಹಾಗೆ.

2000ದ ಆಸುಪಾಸಿನಲ್ಲಿ ತುಮಕೂರಿನ ಬಿ.ಎಚ್. ರಸ್ತೆ, ಎಂ.ಜಿ. ರಸ್ತೆಗಳಲ್ಲಿ ಸೈಬರ್ ಕೆಫೆಗಳೆದ್ದವು. ಅಲ್ಲಿ ಲೆಕ್ಕ ತಲೆಕೆಳಗು. ಗಂಟೆಗಿಷ್ಟು ಎಂದು ಹಣ. ಸುಮ್ಮನೆ ಕೂತಷ್ಟೂ ಮಾಲೀಕನಿಗೆ ಲಾಭ. ಯಾಹೂ ಪುಟ ತೆರೆಯುವುದನ್ನು ಬಾಯಿಬಿಟ್ಟುಕೊಂಡು ಕಾಯುತ್ತ ಕೂತವರನ್ನು ಯಾವ ಮಾಲೀಕನೂ ಎಬ್ಬಿಸಿದ್ದು ನಾನು ಕಾಣೆ.

ಅದೇ ಕಾಲದಲ್ಲಿ ಹೆಂಡತಿಯ ತವರಿನ ಜಮೀನಿನ ಪಹಣಿಗೆಂದು ಕುಣಿಗಲ್ ತಾಲ್ಲೂಕು ಕಚೇರಿಗೆ ಹೋಗಿದ್ದೆ. ‘ಭೂಮಿ’ ಯೋಜನೆ ಬಂದಿತ್ತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಏರಿದ್ದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಅಚ್ಚಾದ ಪಹಣಿ. ನನ್ನ ಕಣ್ಣು ಹೋದದ್ದು ಸಿಬ್ಬಂದಿಯ ಮೇಜಿನ ಮೇಲಿದ್ದ ಬೆರಳಚ್ಚಿನ ಪುಟ್ಟ ಯಂತ್ರಕ್ಕೆ. ದಾಖಲೆಗೆ ಕೈ ಹಾಕಬೇಕಾದರೆ ಬೆರಳು ಒತ್ತಿಯೇ ಒಳಗೆ ಹೋಗಬೇಕು. ಯಾರು ಏನು ಬದಲಿಸಿದರು ಎಂಬುದು ಅವರ ಹೆಸರಿನಲ್ಲಿ ಉಳಿಯುತ್ತದೆ. ನಾನಲ್ಲ ಎಂದು ಆಮೇಲೆ ಕೈ ತೊಳೆದುಕೊಳ್ಳುವಂತಿಲ್ಲ. ನನ್ನ ಲ್ಯಾಬಿನಲ್ಲಿ ಲಾಗಿನ್ ಆದ ಖಾಲಿ ಕುರ್ಚಿ ಎಂದರೆ ಒಬ್ಬ ಹುಡುಗನ ಒಂದು ಗಂಟೆ ದಂಡ. ಇಲ್ಲಿ ಅದೇ ಖಾಲಿ ಕುರ್ಚಿ ಯಾರದೋ ಎರಡು ಎಕರೆ. ಇದ್ದೀರಾ ಎಂದು ಕೇಳಿದರೆ ಸಾಲದು; ಯಾರಿದ್ದೀರಿ ಎಂದೂ ಕೇಳಬೇಕು.

ಇನ್ನೊಂದು ಕಾಲ 2020ರಲ್ಲಿ ಬಂತು. ಬೆಂಗಳೂರಿನ ಕಂಪನಿಯಲ್ಲಿದ್ದ ನನ್ನ ತಂಗಿಯ ಮಗ ಲಾಕ್‌ಡೌನಿಗೆ ಗುಬ್ಬಿಯ ನಮ್ಮ ಮನೆಗೆ ಬಂದು ನಡುಮನೆಯಲ್ಲಿ ಆಫೀಸು ಹೂಡಿದ. ಅವನ ಲ್ಯಾಪ್‌ಟಾಪಿನಲ್ಲಿ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ. ಕೆಲವು ನಿಮಿಷ ಮುಟ್ಟದಿದ್ದರೆ ಹಳದಿಯಾಗುತ್ತದೆ, ಹಳದಿಯಾದರೆ ಮೇಲಿನವರು ಕೇಳುತ್ತಾರೆ. ಒಂದು ಮಧ್ಯಾಹ್ನ ನನ್ನ ಎಚ್‌ಎಂಟಿ ವಾಚು ಕಾಣಲಿಲ್ಲ. ನಮ್ಮ ತುಮಕೂರಿನ ಕಾರ್ಖಾನೆಯದೇ ಎಂದು ಹೆಮ್ಮೆಯಿಂದ ಕೊಂಡದ್ದು. ಆ ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು, ವಾಚು ಮಾತ್ರ ನಡೆಯುತ್ತಿತ್ತು. ಹುಡುಕಿದರೆ ಸಿಕ್ಕಿದ್ದು ಅವನ ಮೇಜಿನ ಮೇಲೆ, ಮೌಸಿನ ಕೆಳಗೆ. ಸೆಕೆಂಡಿನ ಮುಳ್ಳು ಸುತ್ತುವುದನ್ನು ಮೌಸಿನ ಹೊಟ್ಟೆಯ ಬೆಳಕು ನೋಡುತ್ತದೆ, ಯಾರೋ ಅಲುಗಿಸುತ್ತಿದ್ದಾರೆ ಎಂದುಕೊಳ್ಳುತ್ತದೆ, ಚುಕ್ಕೆ ಹಸಿರಾಗಿಯೇ ಇರುತ್ತದೆ. ಹುಡುಗ ಒಳಗೆ ಅನ್ನ ಸಾರು ಉಣ್ಣುತ್ತಿದ್ದ. ಬೈಯಲು ಬಾಯಿ ಬರಲಿಲ್ಲ. ಮೂವತ್ತು ವರ್ಷದ ಹಿಂದಿನ ಜ್ಯಾಮಿಟ್ರಿ ಬಾಕ್ಸನ್ನು ಮತ್ತೆ ಕಂಡ ಹಾಗಾಯಿತು.

‘ಊಟಕ್ಕೆ ಎದ್ದೆ ಅಂತ ಹೇಳಿದ್ರೆ ಆಗಲ್ವೇನೋ?’ ಅಂದೆ.

‘ಅದು ಕೇಳಲ್ಲ ಮಾವ, ಬರೀ ನೋಡುತ್ತೆ’ ಅಂದ.

*

ನನ್ನ ಲ್ಯಾಬಿನ ಪ್ರಶ್ನೆ ಕಾಲೇಜಿನಲ್ಲಿ ಕೆಲಕಾಲ ಪ್ರಸಿದ್ಧವಾಗಿತ್ತು. ಹಾಸ್ಟೆಲಿನಲ್ಲಿ ಬಾಗಿಲು ಬಡಿಯುವವರೂ ‘ಇದ್ದೀರಾ?’ ಎಂದು ಅದೇ ರಾಗದಲ್ಲಿ ಕೇಳುತ್ತಿದ್ದರಂತೆ. ಪರದೆಯ ಮೇಲೆ ಅದು ಮೂಡಿದಾಗ ಯಾವ ಕೀಲಿ ಒತ್ತಿದರೂ ಸಾಕಿತ್ತು, ಹೆಚ್ಚಿನವರು ಎಂಟರ್ ಕುಟ್ಟಿ ಸುಮ್ಮನಾಗುವರು.

ಕುಣಿಗಲ್ ಕಡೆಯ ಆ ಸಿವಿಲ್ ಹುಡುಗ ಹಾಗಲ್ಲ. ಅಷ್ಟು ಹೊತ್ತಿಗೆ ತನ್ನ ಮಳೆಯ ಅಂಕಿಗಳನ್ನೆಲ್ಲ ಎರಡನೆಯ ಸಲ ತುಂಬಿಸಿ, ಪ್ರೋಗ್ರಾಂ ಓಡಿಸುತ್ತಿದ್ದ. ಒಂದು ಸಂಜೆ ನಾನು ಅವನ ಹಿಂದೆ ನಿಂತಿದ್ದೆ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದಾಗ ಪರದೆಯ ಮೇಲೆ ಪ್ರಶ್ನೆ ಬಂತು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ, ಇಂಗ್ಲಿಷ್ ಲಿಪಿಯಲ್ಲಿ ಪೂರ್ತಿ ಉತ್ತರ ಬರೆದ: ‘ಇದ್ದೇನೆ’. ಎಂಟರ್ ಒತ್ತಿದ.

ಶೆಲ್ಲಿಗೆ ಅದು ಒಂದು ಆಜ್ಞೆಯ ಹೆಸರು. ಆ ಹೆಸರಿನ ಆಜ್ಞೆ ತನ್ನಲ್ಲಿಲ್ಲ. ಎಂದಿನಂತೆ ಒಂದು ಸಾಲು ಉತ್ತರ ಕೊಟ್ಟಿತು: ‘ಇದ್ದೇನೆ: ನಾಟ್ ಫೌಂಡ್’.

ಅವನು ಹಿಂದೆ ತಿರುಗಿ ನೋಡಿದ, ಇಬ್ಬರೂ ನಕ್ಕೆವು. ನನ್ನ ಮೇಜಿಗೆ ಹೋಗಿ ಪಟ್ಟಿ ತೆಗೆದೆ. ಅವನು ಹೇಳಿದ್ದು ಯಂತ್ರಕ್ಕೆ ಒಂದಿಷ್ಟೂ ತಿಳಿದಿರಲಿಲ್ಲ. ಅವನ ಹೆಸರಿನ ಮುಂದೆ ಮಾತ್ರ ಒಂದು ಚುಕ್ಕೆ ಇತ್ತು.